ಹೈರಮ್ ಲೂಯಿಸ್ ಲಿಯೊನಾರ್ಡ್

ಹೈರಮ್ ಲೂಯಿಸ್ ಲಿಯೊನಾರ್ಡ್ (1831–1907) ಅಮೆರಿಕದ ಬಂದೂಕು ತಯಾರಕರು, ಬೇಟೆಗಾರರು ಮತ್ತು ಗಾಳದ ಕೋಲುಗಳ ತಯಾರಕರು. ಬಿದಿರಿನ ಆರು ದಬ್ಬೆಗಳನ್ನು ಅಂಟಿಸಿ ಮಾಡುವ ಫ್ಲೈ ಫಿಶಿಂಗ್ ಕೋಲನ್ನು ಯಂತ್ರದ ನೆರವಿನಿಂದ ನಿಖರವಾಗಿ ತಯಾರಿಸುವ ವಿಧಾನವನ್ನು ಬೆಳೆಸಿದ ಕೀರ್ತಿ ಇವರದು. ಕೋಲಿಗೆ ಬೇಕಾದ ಬಿದಿರು, ಲೋಹದ ಕೂಡುಕೊಳವೆ, ರೇಷ್ಮೆ ಕಟ್ಟು, ರೀಲು ಮುಂತಾದ ಭಾಗಗಳನ್ನು ಒಂದಕ್ಕೊಂದು ಹೊಂದುವಂತೆ ಆರಿಸಿ ಜೋಡಿಸುವ ಕ್ರಮವು ಇವರ ಕಾರ್ಯಾಗಾರದಲ್ಲಿ ಖಚಿತ ರೂಪ ಪಡೆಯಿತು. ಇವರ ಬಳಿ ಕೆಲಸ ಕಲಿತು ಹೊರಬಂದ ಹಲವರು ಮುಂದೆ ಸ್ವತಂತ್ರ ತಯಾರಕರಾಗಿ ಹೆಸರು ಮಾಡಿದರು.

ಆರಂಭಿಕ ಜೀವನ

ಲಿಯೊನಾರ್ಡ್ ಅವರು ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದ ಸೆಬೆಕ್ ಎಂಬ ಊರಿನಲ್ಲಿ 1831ರಲ್ಲಿ ಜನಿಸಿದರು. ಪೆನ್ಸಿಲ್ವೇನಿಯಾದಲ್ಲಿ ಕೆಲಕಾಲ ಕಳೆದ ನಂತರ ಮೇನ್‌ಗೆ ಮರಳಿ ಬ್ಯಾಂಗರ್ ಪಟ್ಟಣದಲ್ಲಿ ನೆಲೆಸಿದರು. ಅಲ್ಲಿ ಬಂದೂಕು ತಯಾರಿಕೆ, ಬೇಟೆ, ಸತ್ತ ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುವ ಕೆಲಸ ಇವು ಅವರ ಜೀವನೋಪಾಯಗಳಾಗಿದ್ದವು. ಬಂದೂಕಿನ ಕೆಲಸದಲ್ಲಿ ಲೋಹದ ಕೊಳವೆಗಳನ್ನು ಕೂದಲೆಳೆಯಷ್ಟೂ ಸಡಿಲವಿಲ್ಲದಂತೆ ಕೂಡಿಸುವ ಅಭ್ಯಾಸವಾಗಿದ್ದುದು ಮುಂದೆ ಅವರಿಗೆ ಬಹಳ ನೆರವಾಯಿತು.

ಲೇಖಕ ಹೆನ್ರಿ ಡೇವಿಡ್ ಥೋರೋ 1857ರಲ್ಲಿ ಮೇನ್‌ನ ಕಾಡುಗಳಿಗೆ ಕೈಗೊಂಡ ಪ್ರವಾಸದಲ್ಲಿ ಬ್ಯಾಂಗರ್‌ನಿಂದ ಮೂಸ್‌ಹೆಡ್ ಸರೋವರದ ಕಡೆಗೆ ಹೋಗುವ ಕುದುರೆಗಾಡಿಯಲ್ಲಿ ಒಬ್ಬ ಬೇಟೆಗಾರನನ್ನು ಕಂಡ ಸಂಗತಿಯನ್ನು ಬರೆದಿದ್ದಾನೆ. ಬಿಳಿ ಮೈಬಣ್ಣದ, ಒಪ್ಪವಾಗಿ ಉಡುಪು ಧರಿಸಿದ, ಮಿತಭಾಷಿಯಾದ ಆ ಯುವಕ ಧರ್ಮಶಾಸ್ತ್ರದ ವಿದ್ಯಾರ್ಥಿಯಂತೆ ತೋರುತ್ತಿದ್ದುದರಿಂದ, ಆತ ಆ ಪ್ರದೇಶದ ಪ್ರಮುಖ ಬೇಟೆಗಾರನೆಂದು ತಿಳಿದಾಗ ಥೋರೋಗೆ ಅಚ್ಚರಿಯಾಯಿತು. ಪ್ರವಾಹದ ಹಿನ್ನೀರಿನಲ್ಲಿ ಸಿಲುಕಿದ್ದ ಗಾಡಿಯ ಚಾಲಕನನ್ನೂ ಇಬ್ಬರು ಪ್ರಯಾಣಿಕರನ್ನೂ ಆತ ಅದೇ ವರ್ಷದ ವಸಂತದಲ್ಲಿ ಕಾಪಾಡಿದ್ದನು. ಕೊರೆಯುವ ನೀರಿನಲ್ಲಿ ದಡಕ್ಕೆ ಈಜಿ, ತೆಪ್ಪವೊಂದನ್ನು ಕಟ್ಟಿ ಅವರನ್ನು ಕರೆತಂದನು. ಕುದುರೆಗಳು ಮಾತ್ರ ಮುಳುಗಿದವು. ಈ ಉಪಕಾರಕ್ಕಾಗಿ ಆ ದಾರಿಯ ಗಾಡಿಗಳಲ್ಲಿ ಆತನಿಗೆ ಪ್ರಯಾಣದರವಿರಲಿಲ್ಲ. ಪುಸ್ತಕದಲ್ಲಿ ಹೆಸರಿಲ್ಲದ ಈ ವ್ಯಕ್ತಿ ಲಿಯೊನಾರ್ಡ್ ಅವರೇ ಎಂದು ಗುರುತಿಸಲಾಗಿದೆ.

ಗಾಳದ ಕೋಲಿನ ಕಡೆಗೆ

1871ರ ಸುಮಾರಿಗೆ ಲಿಯೊನಾರ್ಡ್ ಅವರು ತಮ್ಮ ಬಳಕೆಗಾಗಿ ಆಶ್ ಮತ್ತು ಲ್ಯಾನ್ಸ್‌ವುಡ್ ಮರಗಳಿಂದ ಒಂದು ಕೋಲನ್ನು ಮಾಡಿಕೊಂಡರು. ಅದರ ಕೆಲಸಗಾರಿಕೆಯನ್ನು ಕಂಡ ಬಾಸ್ಟನ್ನಿನ ಬ್ರಾಡ್‌ಫರ್ಡ್ ಅಂಡ್ ಆಂಥೊನಿ ಎಂಬ ವ್ಯಾಪಾರ ಸಂಸ್ಥೆಯು, ಸೀಳುಬಿದಿರಿನ ಕೋಲೊಂದನ್ನು ತೋರಿಸಿ ಅಂಥದನ್ನು ಮಾಡಲು ಸಾಧ್ಯವೇ ಎಂದು ವಿಚಾರಿಸಿತು. ಆಗ ಅವರಿಗೆ ನಲವತ್ತು ವರ್ಷ.

ಫ್ಲೈ ಫಿಶಿಂಗ್‌ನಲ್ಲಿ ಗರಿ ಮತ್ತು ದಾರಗಳಿಂದ ಕಟ್ಟಿದ ಕೃತಕ ನೊಣಕ್ಕೆ ತೂಕವೇ ಇರುವುದಿಲ್ಲ. ಹೀಗಾಗಿ ಎಸೆಯಬೇಕಾದುದು ದಾರದ ಭಾರವನ್ನೇ ಹೊರತು ಗಾಳವನ್ನಲ್ಲ. ಕೋಲು ಹಿಂದಕ್ಕೆ ಬಾಗಿ, ಮತ್ತೆ ನೆಟ್ಟಗಾಗುವಾಗ ಬಿಡುಗಡೆಯಾಗುವ ಶಕ್ತಿಯಿಂದ ದಾರ ಮುಂದಕ್ಕೆ ಹಾರುತ್ತದೆ. ಆದ್ದರಿಂದ ಕೋಲು ಯಾವ ವಸ್ತುವಿನದು, ಬುಡದಿಂದ ತುದಿಗೆ ಅದು ಹೇಗೆ ಸಣ್ಣದಾಗುತ್ತದೆ, ನಡುವಿನ ಕೀಲುಗಳು ಎಷ್ಟು ಬಿಗಿಯಾಗಿವೆ ಎಂಬುದರ ಮೇಲೆ ಎಸೆತವು ನಿಂತಿರುತ್ತದೆ. ಆ ಕಾಲದ ಗ್ರೀನ್‌ಹಾರ್ಟ್ ಮರದ ಕೋಲುಗಳು ಗಟ್ಟಿಯಾಗಿದ್ದರೂ ಭಾರವಾಗಿದ್ದವು. ದಿನವಿಡೀ ಒಂದೇ ಕೈಯಲ್ಲಿ ಬೀಸುವುದು ಆಯಾಸದ ಕೆಲಸವಾಗಿತ್ತು.

ಸೀಳುಬಿದಿರಿನ ಕೋಲು ಲಿಯೊನಾರ್ಡ್ ಅವರ ಶೋಧನೆಯಲ್ಲ. ಪೆನ್ಸಿಲ್ವೇನಿಯಾದ ಈಸ್ಟನ್ ಪಟ್ಟಣದ ಸ್ಯಾಮ್ಯುಯೆಲ್ ಫಿಲಿಪ್ (1801–1877) ಅದನ್ನು 1840ರ ದಶಕದಲ್ಲಿಯೇ ಮಾಡಿದ್ದರು. ಇವರೂ ಬಂದೂಕು ತಯಾರಕರೇ ಆಗಿದ್ದರು, ಪಿಟೀಲುಗಳನ್ನೂ ಮಾಡುತ್ತಿದ್ದರು. ನೂವಾರ್ಕಿನ ಚಾರ್ಲ್ಸ್ ಮರ್ಫಿ ಅಂಥ ಕೋಲುಗಳನ್ನು ಮಾರಾಟಕ್ಕೆ ತಂದರು. ಲಿಯೊನಾರ್ಡ್ ಅವರನ್ನು ಆರು ದಬ್ಬೆಯ ಕೋಲಿನ ಜನಕ ಎಂದು ಕರೆಯುವ ರೂಢಿ ಇದ್ದರೂ ಅದು ಪೂರ್ಣವಾಗಿ ಸರಿಯಲ್ಲ. ಕೈಯಿಂದ ಒಂದೊಂದಾಗಿ ತಯಾರಾಗುತ್ತಿದ್ದ ವಸ್ತುವನ್ನು ಪ್ರತಿ ಬಾರಿಯೂ ಒಂದೇ ಅಳತೆಗೆ ಮಾಡಬಹುದೆಂದು ತೋರಿಸಿದ್ದು ಅವರ ನಿಜವಾದ ಸಾಧನೆ.

ಬಿದಿರಿನ ಆಯ್ಕೆ ಮತ್ತು ಯಂತ್ರ

ಬಿದಿರಿನ ಬಲ ಅದರ ಹೊರಸಿಪ್ಪೆಯ ಕೆಳಗಿನ ದಟ್ಟ ನಾರುಗಳಲ್ಲಿದೆ. ಒಳಗಿನ ತಿರುಳು ಮೆತು. ಇಡೀ ಬಿದಿರನ್ನು ಬಳಸಿದರೆ ತುದಿಯನ್ನು ಬೇಕಾದಷ್ಟು ತೆಳ್ಳಗೆ ಮಾಡಲಾಗದು, ಹೊರಗಿನಿಂದ ಕೆತ್ತಿದರೆ ನಾರೇ ಹೋಗುತ್ತದೆ. ಬಿದಿರನ್ನು ಸೀಳಿ, ಪ್ರತಿ ದಬ್ಬೆಯನ್ನೂ 60 ಡಿಗ್ರಿ ಕೋನಗಳ ತ್ರಿಕೋನವಾಗಿ ಒಳಬದಿಯಿಂದ ಮಾತ್ರ ಕೆತ್ತಿ, ಆರನ್ನು ಅಂಟಿಸಿದಾಗ ಹೊರಮೈಯೆಲ್ಲ ಗಟ್ಟಿ ನಾರಿನಿಂದಲೇ ಕೂಡಿದ ಷಟ್ಕೋನದ ಕೋಲು ದೊರೆಯುತ್ತದೆ. ಗೆಣ್ಣುಗಳು ದುರ್ಬಲ ಸ್ಥಳಗಳಾದ್ದರಿಂದ ಅವು ಅಕ್ಕಪಕ್ಕದ ದಬ್ಬೆಗಳಲ್ಲಿ ಒಂದೇ ಮಟ್ಟದಲ್ಲಿ ಬರದಂತೆ ಸರಿಸಿ ಜೋಡಿಸಬೇಕು.

ಆ ಕಾಲದಲ್ಲಿ ಇದಕ್ಕೆ ಬಳಕೆಯಾಗುತ್ತಿದ್ದುದು ಭಾರತದಿಂದ ಹಡಗಿನಲ್ಲಿ ಬರುತ್ತಿದ್ದ ಬಿದಿರು. ರಫ್ತಾಗುತ್ತಿದ್ದ ಬಂದರಿನಿಂದಾಗಿ ಅದಕ್ಕೆ ಕಲ್ಕತ್ತಾ ಬಿದಿರು ಎಂಬ ಹೆಸರಿತ್ತು. ಇದನ್ನು ಸಾಮಾನ್ಯವಾಗಿ ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್ ಎಂಬ ಪ್ರಭೇದವೆಂದು ಗುರುತಿಸುತ್ತಾರೆ. ಕರ್ನಾಟಕದ ಎಲೆಯುದುರುವ ಕಾಡುಗಳಲ್ಲಿಯೂ ಬೆಳೆಯುವ, ಹೆಚ್ಚು ಟೊಳ್ಳಿಲ್ಲದ ಗಟ್ಟಿ ಬಿದಿರು ಇದು. ಅಮೆರಿಕಕ್ಕೆ ತಲಪುತ್ತಿದ್ದ ಬಿದಿರುಗಳ ಮೈಮೇಲೆ ಸುಟ್ಟ ಗುರುತುಗಳೂ ಹುಳುಕೊರೆದ ತೂತುಗಳೂ ಇರುತ್ತಿದ್ದವು. ಸುಟ್ಟ ಕಡೆ ನಾರು ಬಲ ಕಳೆದುಕೊಂಡಿರುವ ಸಾಧ್ಯತೆ ಇರುವುದರಿಂದ ರಾಶಿಯಿಂದ ಯೋಗ್ಯವಾದ ಬಿದಿರನ್ನು ಆರಿಸುವುದೇ ತಯಾರಕನ ಮೊದಲ ಪರೀಕ್ಷೆಯಾಗಿತ್ತು. 20ನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಟೊಂಕಿನ್ ಬಿದಿರು ಇದರ ಸ್ಥಾನವನ್ನು ಪಡೆಯಿತು. ಅದರ ಗೆಣ್ಣುಗಳು ದೂರದೂರವಾಗಿದ್ದು, ನಾರಿನ ಪದರ ಹೆಚ್ಚು ದಪ್ಪವಾಗಿತ್ತು. ಹೀಗಾಗಿ ಲಿಯೊನಾರ್ಡ್ ಅವರ ಜೀವಿತಾವಧಿಯ ಹೆಸರಾಂತ ಕೋಲುಗಳು ಬಹುಮಟ್ಟಿಗೆ ಭಾರತದ ಬಿದಿರಿನವು.

ದಬ್ಬೆಗಳನ್ನು ಒಂದೇ ಕೋನದಲ್ಲಿ, ತುದಿಯ ಕಡೆಗೆ ಕ್ರಮವಾಗಿ ಸಣ್ಣದಾಗುವಂತೆ ಕೊಯ್ಯುವ ಯಂತ್ರವನ್ನು ಲಿಯೊನಾರ್ಡ್ ಅವರು ಬ್ಯಾಂಗರ್‌ನಲ್ಲಿ ರೂಪಿಸಿದರು. ಕೈ ಉಳಿಯಿಂದ ಇದೇ ಕೆಲಸಕ್ಕೆ ಬಹಳ ಹೊತ್ತು ಬೇಕಾಗುತ್ತಿತ್ತು, ಆರು ದಬ್ಬೆಗಳು ಸಮನಾಗಿ ಬರುವುದೂ ಕಷ್ಟವಾಗಿತ್ತು. ಯಂತ್ರದ ರಚನೆ ಹೊರಬೀಳಬಾರದೆಂದು ಅದನ್ನು ಬೀಗ ಹಾಕಿದ ಕೋಣೆಯಲ್ಲಿ ಇರಿಸಲಾಗಿತ್ತು. ಕೆಲಸಗಾರರಲ್ಲಿಯೂ ಕೆಲವರಿಗೆ ಮಾತ್ರ ಅಲ್ಲಿಗೆ ಪ್ರವೇಶವಿತ್ತು.

ಇತರ ಭಾಗಗಳು

ಕೋಲನ್ನು ಮೂರು ತುಂಡುಗಳಾಗಿ ಬಿಚ್ಚಿ ಒಯ್ಯಲು ಲೋಹದ ಕೂಡುಕೊಳವೆಗಳು, ಅಂದರೆ ಫೆರುಲ್‌ಗಳು ಬೇಕು. ತುಕ್ಕು ಹಿಡಿಯದ ಜರ್ಮನ್ ಸಿಲ್ವರ್ ಇದಕ್ಕೆ ಮೆಚ್ಚಿನ ಲೋಹವಾಗಿತ್ತು. ಹಳೆಯ ಫೆರುಲ್‌ಗಳಲ್ಲಿ ಎರಡು ದೋಷಗಳಿದ್ದವು. ಕೊಳವೆಯೊಳಗೆ ಇಳಿದ ನೀರು ಬಿದಿರಿನ ತುದಿಗೆ ತಗುಲಿ ಅದು ಉಬ್ಬಿ ಕೊಳೆಯುತ್ತಿತ್ತು. ಲಿಯೊನಾರ್ಡ್ ಅವರು ಕೊಳವೆಯ ಒಳಗೆ ಲೋಹದ ಅಡ್ಡತಡೆಯಿಟ್ಟು ಅದನ್ನು ಪರಿಹರಿಸಿ 1875ರಲ್ಲಿ ಪೇಟೆಂಟ್ ಪಡೆದರು. ಎರಡನೆಯದು ಇನ್ನೂ ಸೂಕ್ಷ್ಮ. ಬಾಗುವ ಬಿದಿರು ಬಾಗದ ಲೋಹವನ್ನು ಸೇರುವ ಅಂಚಿನಲ್ಲಿಯೇ ಒತ್ತಡವೆಲ್ಲ ಸೇರಿ ಕೋಲು ಮುರಿಯುತ್ತಿತ್ತು. ಕೊಳವೆಯ ಅಂಚನ್ನು ಸೀಳಿ ಹಲವು ನಾಲಗೆಗಳನ್ನಾಗಿ ಮಾಡಿ, ಅವುಗಳ ಮೇಲೆ ರೇಷ್ಮೆ ದಾರ ಸುತ್ತಿದರೆ ಲೋಹವೂ ಬಿದಿರಿನೊಡನೆ ಸ್ವಲ್ಪ ಬಾಗುತ್ತದೆ. 1878ರ ಈ ಪೇಟೆಂಟ್ ಸರಳವಾಗಿ ಕಾಣುತ್ತದೆ. ಆದರೆ ಇಂದಿಗೂ ಬಿದಿರಿನ ಕೋಲು ಮಾಡುವವರು ಫೆರುಲ್ ಆರಿಸುವಾಗ ಈ ಸೀಳಂಚನ್ನೇ ಕೇಳುತ್ತಾರೆ.

ರೇಷ್ಮೆ ಕಟ್ಟುಗಳು ದಾರ ಹಾಯುವ ಉಂಗುರಗಳನ್ನು ಹಿಡಿದಿಡುವುದರ ಜೊತೆಗೆ, ಆಗಿನ ಪ್ರಾಣಿಜನ್ಯ ಅಂಟು ತೇವದಲ್ಲಿ ಸಡಿಲವಾದರೆ ದಬ್ಬೆಗಳು ಬೇರ್ಪಡದಂತೆ ಕಾಯುತ್ತಿದ್ದವು. ಹಳೆಯ ಕೋಲುಗಳಲ್ಲಿ ಈ ಕಟ್ಟುಗಳು ಹತ್ತಿರ ಹತ್ತಿರ ಇರುವುದಕ್ಕೆ ಇದೇ ಕಾರಣ; ಅಲಂಕಾರವೆಂದು ಭಾವಿಸುವುದು ತಪ್ಪು. ಬ್ಯಾಂಗರ್‌ನ ಫಿಲ್‌ಬ್ರೂಕ್ ರೂಪಿಸಿ 1877ರಲ್ಲಿ ಪೇಟೆಂಟ್ ಪಡೆದ ರೀಲನ್ನೂ ಲಿಯೊನಾರ್ಡ್ ಹೆಸರಿನಲ್ಲಿ ಮಾರಲಾಯಿತು. ಅದರ ಕಂಬಿಗಳು ಪಕ್ಕದ ತಟ್ಟೆಗಳ ಅಂಚಿನಿಂದ ಹೊರಗೆ ಇದ್ದುದರಿಂದ, ಚಿಕ್ಕ ರೀಲಿನಲ್ಲಿಯೇ ಹೆಚ್ಚು ದಾರ ಹಿಡಿಯುತ್ತಿತ್ತು. ಹಗುರ ಕೋಲಿಗೆ ಭಾರದ ರೀಲು ಹೊಂದುವುದಿಲ್ಲವಾದ್ದರಿಂದ ಇದು ಮುಖ್ಯವಾಗಿತ್ತು.

ಸೆಂಟ್ರಲ್ ವ್ಯಾಲಿ ಮತ್ತು ಕೊನೆಯ ವರ್ಷಗಳು

ವ್ಯಾಪಾರ ಬೆಳೆದಂತೆ ಬಂಡವಾಳದ ಅಗತ್ಯವೂ ಬೆಳೆಯಿತು. 1870ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ವಿಲಿಯಂ ಮಿಲ್ಸ್ ಅಂಡ್ ಸನ್ ಸಂಸ್ಥೆ ಪಾಲುದಾರನಾಯಿತು; 1881ರಲ್ಲಿ ಕಾರ್ಖಾನೆಯನ್ನು ನ್ಯೂಯಾರ್ಕ್ ರಾಜ್ಯದ ಸೆಂಟ್ರಲ್ ವ್ಯಾಲಿಗೆ ಸ್ಥಳಾಂತರಿಸಲಾಯಿತು. ಕಾಲಕ್ರಮದಲ್ಲಿ ಸಂಸ್ಥೆಯ ಹತೋಟಿ ಮಿಲ್ಸ್ ಮನೆತನದ ಕೈಸೇರಿತು. ಕೋಲಿನ ಮೇಲೆ ಲಿಯೊನಾರ್ಡ್ ಹೆಸರಿದ್ದರೂ ಕಾರ್ಖಾನೆ ಅವರದಾಗಿ ಉಳಿಯಲಿಲ್ಲ.

ಬ್ಯಾಂಗರ್‌ನಿಂದ ಜೊತೆಗೆ ಬಂದಿದ್ದ ಎಡ್ವರ್ಡ್ ಪೇನ್, ಫ್ರೆಡ್ ಥಾಮಸ್, ಯೂಸ್ಟಿಸ್ ಎಡ್ವರ್ಡ್ಸ್ 1890ರ ಸುಮಾರಿಗೆ ಸಂಸ್ಥೆಯನ್ನು ಬಿಟ್ಟು ಕಾಸ್ಮಿಕ್ ಎಂಬ ಹೆಸರಿನ ಕೋಲುಗಳನ್ನು ತಯಾರಿಸತೊಡಗಿದರು. ಸೋದರಳಿಯ ಲೋಮನ್ ಹಾಸ್ ಕೂಡ ಹೊರನಡೆದರು. ಬೀಗ ಹಾಕಿದ ಕೋಣೆಯ ಗುಟ್ಟು ಹೀಗೆ ಅದನ್ನು ಬಲ್ಲವರೊಂದಿಗೇ ಹೊರಬಂದಿತು. ಮುಂದೆ ಥಾಮಸ್ ಮೇನ್‌ಗೆ ಮರಳಿ ತಮ್ಮದೇ ಕಾರ್ಖಾನೆ ನಡೆಸಿದರು. ಪೇನ್ ಅವರ ಮಗ ಜಿಮ್ ಪೇನ್ 20ನೆಯ ಶತಮಾನದ ಶ್ರೇಷ್ಠ ತಯಾರಕರಲ್ಲಿ ಒಬ್ಬರೆನಿಸಿದರು. ಇನ್ನೊಬ್ಬ ಸೋದರಳಿಯ ಹೈರಮ್ ಹಾಸ್ ದಾರ ಎಸೆಯುವ ಸ್ಪರ್ಧೆಗಳಲ್ಲಿ ಲಿಯೊನಾರ್ಡ್ ಕೋಲುಗಳ ಹೆಸರನ್ನು ಬೆಳಗಿದರು.

ಲಿಯೊನಾರ್ಡ್ ಅವರು 1907ರಲ್ಲಿ ಸೆಂಟ್ರಲ್ ವ್ಯಾಲಿಯಲ್ಲಿ ನಿಧನರಾದರು. ಅವರ ಹೆಸರಿನ ಸಂಸ್ಥೆ ನಂತರವೂ ಮುಂದುವರಿದು, 1964ರ ಬೆಂಕಿ ಅನಾಹುತದಲ್ಲಿ ಕಾರ್ಖಾನೆಯನ್ನು ಕಳೆದುಕೊಂಡು ಮತ್ತೆ ಆರಂಭವಾಗಿ, 1980ರ ದಶಕದ ಮಧ್ಯದಲ್ಲಿ ಮುಚ್ಚಿತು. ಆ ಹೊತ್ತಿಗೆ ಫೈಬರ್‌ಗ್ಲಾಸ್ ಮತ್ತು ಗ್ರಾಫೈಟ್ ಕೋಲುಗಳು ಮಾರುಕಟ್ಟೆಯನ್ನು ತುಂಬಿದ್ದವು. ಬ್ಯಾಂಗರ್ ಕಾಲದ ಲಿಯೊನಾರ್ಡ್ ಕೋಲುಗಳು ಇಂದು ಸಂಗ್ರಾಹಕರ ಬಳಿಯಲ್ಲಿವೆ.