ವೈದ್ಯೆ, ಮಡದಿ, ತಾಯಿ: ಡಾ. ಅನುಪಮಾ ನಿರಂಜನ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ನಮ್ಮ ಕುಟುಂಬಗಳಲ್ಲಿ ಮಗಳನ್ನು ವೈದ್ಯಶಿಕ್ಷಣಕ್ಕೋ ದಾದಿಯ ತರಬೇತಿಗೋ ಕಳುಹಿಸುವ ತಂದೆತಾಯಂದಿರು ನಮ್ಮ ಮುಂದಿಡುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಹಗಲಿರುಳೆನ್ನದೆ ದುಡಿಯಬೇಕಾದ ಈ ವೃತ್ತಿಯೊಡನೆ ಸಂಸಾರ ಸಾಗುವುದು ಹೇಗೆ? ಈ ಪ್ರಶ್ನೆಗೆ ಉಪದೇಶಕ್ಕಿಂತ ಒಂದು ಬಾಳಿನ ಚಿತ್ರವೇ ತಕ್ಕ ಉತ್ತರವೆಂದು ತಿಳಿದು, ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಡಾ. ಅನುಪಮಾ ನಿರಂಜನ ಅವರನ್ನು ನೆನೆಯುತ್ತಿದ್ದೇವೆ.

ಅವರು 1934ರ ಮೇ 17ರಂದು ತೀರ್ಥಹಳ್ಳಿಯಲ್ಲಿ ಜನಿಸಿದರು. ಹೆತ್ತವರಿಟ್ಟ ಹೆಸರು ವೆಂಕಟಲಕ್ಷ್ಮಿ. ಆ ಕಾಲದಲ್ಲಿ ಚನ್ನಗಿರಿ, ಹೊನ್ನಾಳಿಗಳೂ ತೀರ್ಥಹಳ್ಳಿಯೂ ಒಂದೇ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯ ಅಂಗವಾಗಿತ್ತು. ಜಗಳೂರು ಚಿತ್ರದುರ್ಗದ ಕಡೆಗಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಗಡಿಗಳು ಬದಲಾದುವಾದರೂ ನದಿ ಬದಲಾಗಲಿಲ್ಲ. ತೀರ್ಥಹಳ್ಳಿಯನ್ನು ದಾಟಿದ ತುಂಗೆಯೇ ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು ಹೊನ್ನಾಳಿಯ ದಡವನ್ನು ಮುಟ್ಟುತ್ತಾಳೆ. ಆದುದರಿಂದ ಅವರನ್ನು ನಮ್ಮ ಸೀಮೆಯವರೆಂದೇ ಕರೆಯಲು ನಮಗೆ ಸಂಕೋಚವಿಲ್ಲ.

ಹೆಣ್ಣುಮಕ್ಕಳು ವೈದ್ಯಶಾಸ್ತ್ರ ಓದುವುದು ವಿರಳವಾಗಿದ್ದ ದಿನಗಳಲ್ಲಿ ಅವರು ಮೈಸೂರಿನಲ್ಲಿ ಓದಿ ವೈದ್ಯರಾದರು. ಕಾದಂಬರಿಕಾರರೂ ಪತ್ರಕರ್ತರೂ ಆಗಿದ್ದ ನಿರಂಜನರನ್ನು, ಅಂದರೆ ಕುಳಕುಂದ ಶಿವರಾಯರನ್ನು, ವರಿಸಿದರು. ಕಯ್ಯೂರಿನ ರೈತರ ಹೋರಾಟವನ್ನು ಕುರಿತ ಚಿರಸ್ಮರಣೆ ಆ ನಿರಂಜನರ ಕೃತಿಯೇ. ಲೇಖನಿಯನ್ನೇ ನಂಬಿದ ಪತಿ, ರೋಗಿಗಳ ಕರೆಗೆ ಓಗೊಡಬೇಕಾದ ಪತ್ನಿ, ಇಬ್ಬರು ಹೆಣ್ಣುಮಕ್ಕಳು. ಇದು ಅವರ ಸಂಸಾರ. ಮೊದಲು ಧಾರವಾಡದಲ್ಲಿ, ಅನಂತರ ಬೆಂಗಳೂರಿನಲ್ಲಿ ಅವರ ವೈದ್ಯವೃತ್ತಿ ನಡೆಯಿತು.

ಅಂದಿನ ದಿನಗಳಲ್ಲಿ ಡಾಕ್ಟರಮ್ಮನ ಮುಂದೆ ಕುಳಿತ ಹೆಂಗಸು ರೋಗದ ಜೊತೆಗೆ ತನ್ನ ಮನೆಯ ಕಥೆಯನ್ನೂ ತಂದಿರುತ್ತಿದ್ದಳು. ಗಂಡುವೈದ್ಯನೊಡನೆ ಆಡಲಾಗದ ಮಾತುಗಳು ಅಲ್ಲಿ ಹೊರಬರುತ್ತಿದ್ದವು. ಬಸಿರು, ಬಾಣಂತನ, ಶಿಶುಪಾಲನೆ, ದಾಂಪತ್ಯದ ಆರೋಗ್ಯ ಇವೆಲ್ಲ ಅಜ್ಞಾನದ ಮುಸುಕಿನಲ್ಲಿದ್ದ ಕಾಲವದು. ಒಬ್ಬೊಬ್ಬರಿಗೆ ಹೇಳುವ ತಿಳಿವಳಿಕೆಯನ್ನು ಸಾವಿರಾರು ಮನೆಗಳಿಗೆ ಮುಟ್ಟಿಸುವ ದಾರಿಯೆಂದರೆ ಪುಸ್ತಕ. ತಾಯಿ-ಮಗು, ದಾಂಪತ್ಯ ದೀಪಿಕೆ, ಕೇಳು ಕಿಶೋರಿ ಮೊದಲಾದ ಅವರ ಕೃತಿಗಳು ತಿಳಿಗನ್ನಡದಲ್ಲಿ ಆ ಕೆಲಸವನ್ನು ಮಾಡಿದವು. ಮಕ್ಕಳಿಗಾಗಿ ಬರೆದ ದಿನಕ್ಕೊಂದು ಕಥೆ ತಿಂಗಳಿಗೊಂದರಂತೆ 12 ಸಂಪುಟಗಳಲ್ಲಿ ಬಂದಿದೆ. ವರ್ಷದ ಪ್ರತಿಯೊಂದು ದಿನಕ್ಕೂ ಅದರಲ್ಲಿ ಒಂದು ಕಥೆಯುಂಟು. ದಿನದ ಕೊನೆಯಲ್ಲಿ ಮಗುವಿಗೆ ಸಲ್ಲಬೇಕಾದ ಗಳಿಗೆಯ ಬೆಲೆಯನ್ನು ಅರಿತ ತಾಯಿಯ ಕೆಲಸವಿದು. ಕಾದಂಬರಿಗಳನ್ನೂ ಅವರು ಹೇರಳವಾಗಿ ಬರೆದರು. ಅವುಗಳಲ್ಲಿ ಋಣಮುಕ್ತಳು ಪುಟ್ಟಣ್ಣ ಕಣಗಾಲರಿಂದ 1984ರಲ್ಲಿ ಚಲನಚಿತ್ರವಾಯಿತು.

ಹೀಗೆ ಆಸ್ಪತ್ರೆ, ಮನೆ, ಬರವಣಿಗೆ ಮೂರೂ ಅವರ ಬಾಳಿನಲ್ಲಿ ಒಂದನ್ನೊಂದು ಕಿತ್ತು ತಿನ್ನುವ ಶತ್ರುಗಳಾಗಲಿಲ್ಲ. ಒಂದರ ಅನುಭವ ಇನ್ನೊಂದಕ್ಕೆ ಗೊಬ್ಬರವಾಯಿತು. ಆದರೆ ಹಾದಿ ಹೂವಿನದಾಗಿತ್ತೆಂದು ಯಾರೂ ಭಾವಿಸಬಾರದು. 1970ರ ದಶಕದ ಆರಂಭದಲ್ಲಿ ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದರು. ಅಲ್ಲಿಂದ ಮುಂದೆ ಮಡದಿಗೆ ರೋಗಿಯೊಬ್ಬರು ಮನೆಯೊಳಗೇ ಇದ್ದರು. ಆಸ್ಪತ್ರೆಯಲ್ಲಾದರೆ ಸರದಿ ಮುಗಿದೊಡನೆ ಬಿಡುವುಂಟು. ಮನೆಯ ಹಾಸಿಗೆಯ ಬದಿಯಲ್ಲಿ ಸರದಿಯೆಂಬುದಿಲ್ಲ. ಆದರೂ ಆ ಮನೆ ನಿಂತ ನೀರಾಗಲಿಲ್ಲ. ಬೃಹತ್ ಕಾದಂಬರಿ ಮೃತ್ಯುಂಜಯ ಬಂದದ್ದೂ, ವಿಶ್ವಕಥಾಕೋಶದ 25 ಸಂಪುಟಗಳನ್ನು ನಿರಂಜನರು ಸಂಪಾದಿಸಿದ್ದೂ ಆ ಅಸ್ವಸ್ಥತೆಯ ವರ್ಷಗಳಲ್ಲಿಯೇ. ಅನುಪಮಾ ಅವರ ಲೇಖನಿಯೂ ನಿಲ್ಲಲಿಲ್ಲ. ಕೊನೆಗೆ ಕ್ಯಾನ್ಸರ್ ಅವರನ್ನೇ ಹಿಡಿಯಿತು. 1991ರ ಫೆಬ್ರವರಿ 15ರಂದು, ತಮ್ಮ 56ನೆಯ ವಯಸ್ಸಿನಲ್ಲಿ, ಪತಿಗಿಂತ ಮೊದಲೇ ಅವರು ಕಣ್ಮುಚ್ಚಿದರು. ತಮ್ಮ ಬಾಳಿನ ಕಥೆಗೆ ಅವರಿಟ್ಟ ಹೆಸರು ನೆನಪು: ಸಿಹಿ-ಕಹಿ. ಆ ಎರಡು ಪದಗಳಲ್ಲಿ ಎರಡನೆಯದನ್ನು ಅವರು ಮರೆಮಾಚಲಿಲ್ಲವೆಂಬುದನ್ನು ಗಮನಿಸಬೇಕು.

ಅನುಪಮಾ ಅವರು ನಮ್ಮ ವಿಶ್ವಾಸಕ್ಕೆ ಸೇರಿದವರಲ್ಲ. ಆ ದಂಪತಿಗಳ ವಿಚಾರಧಾರೆಯೂ ಬೇರೆ. ಆದರೆ ಗಾಯಾಳುವಿನ ಬಳಿ ನಿಂತ ಸಮಾರಿಯದವನೂ ಅಂದಿನವರಿಗೆ ಅನ್ಯನೇ ಆಗಿದ್ದನಲ್ಲವೇ? ನಮ್ಮ ಧರ್ಮಸಭೆಯಲ್ಲಿಯೂ ಇಂಥ ಬಾಳಿಗೆ ನಿದರ್ಶನವುಂಟು. ಇಟಲಿಯ ಸಂತ ಜಿಯನ್ನಾ ಬೆರೆಟ್ಟಾ ಮೊಲ್ಲಾ ಮಕ್ಕಳ ವೈದ್ಯೆ. 1955ರಲ್ಲಿ ವಿವಾಹವಾದ ಮೇಲೆಯೂ ರೋಗಿಗಳ ಸೇವೆಯನ್ನು ಬಿಡಲಿಲ್ಲ. ನಾಲ್ಕನೆಯ ಮಗುವಿನ ಜೀವವುಳಿಸುವ ಸಂಕಲ್ಪದಿಂದ 1962ರಲ್ಲಿ ತನ್ನ ಜೀವವನ್ನೇ ತೆತ್ತಳು. 2004ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವಳನ್ನು ಸಂತಳೆಂದು ಘೋಷಿಸಿದಾಗ ಪತಿಯೂ ಮಕ್ಕಳೂ ಅಲ್ಲಿ ಉಪಸ್ಥಿತರಿದ್ದರು.

ಇಂಥವರ ತ್ಯಾಗವನ್ನು ಕೊಂಡಾಡುವುದು ಸುಲಭ. ಆದರೆ ಕೊಂಡಾಟದ ಮರೆಯಲ್ಲಿ ಮನೆಯ ಹೊರೆಯನ್ನೆಲ್ಲ ಒಬ್ಬಳ ಹೆಗಲಿಗೇ ಹೊರಿಸಿಬಿಡುವುದು ನಮ್ಮ ಸಮಾಜದ ಹಳೆಯ ಚಾಳಿ. ರಾತ್ರಿಪಾಳಿ ಮುಗಿಸಿ ಬಂದ ಸೊಸೆ ನೇರವಾಗಿ ಒಲೆಯ ಮುಂದೆ ನಿಲ್ಲಬೇಕಾದ ಮನೆಯಲ್ಲಿ ಸಮತೋಲನವೆಂಬುದು ಬರಿಯ ಮಾತು. ಅವಳ ಪಾಳಿಯ ದಿನ ಅನ್ನಕ್ಕಿಡುವ ಗಂಡ, ಮೊಮ್ಮಗುವನ್ನು ಮಲಗಿಸುವ ಅತ್ತೆ, ಹೊತ್ತು ಮೀರಿ ಬಂದವಳನ್ನು ಕಾರಣ ಕೇಳದ ಮಾವ ಇವರೂ ರೋಗಿಗಳ ಸೇವೆಯಲ್ಲಿ ಪಾಲುಗಾರರೇ. ಮಗಳು ಓದಲೋ ಬೇಡವೋ ಎಂದು ಕೇಳಲು ಬರುವ ತಂದೆತಾಯಂದಿರಿಗೆ ನಮ್ಮ ಉತ್ತರವಿಷ್ಟೇ: ಅವಳನ್ನು ಓದಿಸಿರಿ, ಅವಳೊಡನೆ ಮನೆಯನ್ನು ಹೊರುವ ಪಾಠವನ್ನು ನಿಮ್ಮ ಗಂಡುಮಕ್ಕಳಿಗೂ ಕಲಿಸಿರಿ.