ಅಣುವಿನ ಒಗಟು ಮತ್ತು ಡಾ. ರಾಜಾ ರಾಮಣ್ಣ

ಶಹಾಡ್, ಕಲ್ಯಾಣ, ಡೊಂಬಿವಲಿಯ ಕನ್ನಡ ಮನೆಗಳಿಗೆ ಟ್ರಾಂಬೆಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಹೆಸರು ಹೊಸದಲ್ಲ. ಆ ಕೇಂದ್ರವನ್ನು ಎರಡು ಬಾರಿ ಮುನ್ನಡೆಸಿದ ಕನ್ನಡಿಗ ಡಾ. ರಾಜಾ ರಾಮಣ್ಣನವರು, ಅಣುವಿಜ್ಞಾನ ತಂದೊಡ್ಡಿದ ತಾತ್ತ್ವಿಕ ಪ್ರಶ್ನೆಗಳಿಗೂ ಮನಸ್ಸು ಕೊಟ್ಟವರು.

1925ರ ಜನವರಿ 28ರಂದು ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಜನಿಸಿದ ಅವರು ಬೆಂಗಳೂರು, ಮದ್ರಾಸುಗಳಲ್ಲಿ ವ್ಯಾಸಂಗ ಮಾಡಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದರು. ಪಿಯಾನೊ ವಾದನದಲ್ಲಿಯೂ ನುರಿತವರು. 1949ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಹೋಮಿ ಭಾಭಾ ಅವರ ಬಳಗ ಸೇರಿದರು. 1956ರ ಆಗಸ್ಟ್ 4ರಂದು ದೇಶದ ಮೊದಲ ಅಣುಸ್ಥಾವರ 'ಅಪ್ಸರಾ' ಕಾರ್ಯಾರಂಭ ಮಾಡಿದಾಗ ಅವರೂ ಆ ತಂಡದಲ್ಲಿದ್ದರು. ಪರಮಾಣು ಬೀಜದ ವಿದಳನವೇ ಅವರ ಸಂಶೋಧನೆಯ ಮುಖ್ಯ ಕ್ಷೇತ್ರವಾಯಿತು.

ನ್ಯೂಟ್ರಾನ್ ತಾಗಿದ ಯುರೇನಿಯಂ ಬೀಜವು ಸಾಮಾನ್ಯವಾಗಿ ಎರಡು ಅಸಮಾನ ಹೋಳುಗಳಾಗುತ್ತದೆ. ಯಾವ ಬೀಜ ಹೇಗೆ ಸೀಳುವುದೆಂದು ಮೊದಲೇ ಹೇಳಲಾಗದು. ಲಕ್ಷಾಂತರ ವಿದಳನಗಳನ್ನು ಎಣಿಸಿದರೆ ಮಾತ್ರ ಪ್ರಮಾಣವೊಂದು ಸ್ಥಿರವಾಗಿ ಕಾಣುತ್ತದೆ. ಈ ಅನಿಶ್ಚಿತತೆ ನಮ್ಮ ಅರಿವಿನ ಕೊರತೆಯೋ, ಪ್ರಕೃತಿಯ ಗುಣವೋ? ಐನ್‌ಸ್ಟೈನ್ ಮತ್ತು ಬೋರ್ ವಾದಿಸಿದ್ದು ಇಂತಹ ಪ್ರಶ್ನೆಯ ಮೇಲೆಯೇ. ಜೋಡಿ ಸೀಳುಗಂಡಿಯ ಪ್ರಯೋಗ ಒಗಟನ್ನು ಇನ್ನೂ ಗಾಢವಾಗಿಸುತ್ತದೆ. ಒಂದೊಂದಾಗಿ ಕಳುಹಿಸಿದರೂ ಇಲೆಕ್ಟ್ರಾನುಗಳು ಪರದೆಯ ಮೇಲೆ ಅಲೆಯ ಪಟ್ಟೆಗಳನ್ನು ಮೂಡಿಸುತ್ತವೆ. ಯಾವ ಗಂಡಿಯಿಂದ ಹಾಯ್ದವೆಂದು ಪತ್ತೆ ಮಾಡಿದೊಡನೆ ಪಟ್ಟೆಗಳು ಅಳಿಯುತ್ತವೆ. ಹಾಗಾದರೆ ನೋಡುವ ಮೊದಲು ಕಣಕ್ಕೆ ನಿಶ್ಚಿತ ದಾರಿಯೊಂದು ಇತ್ತೇ?

ಸುಮಾರು ಎರಡನೆಯ ಶತಮಾನದ ಬೌದ್ಧ ದಾರ್ಶನಿಕ ನಾಗಾರ್ಜುನನ ವಿಚಾರದಲ್ಲಿ ರಾಮಣ್ಣನವರಿಗೆ ಇದಕ್ಕೆ ಹತ್ತಿರವಾದ ಚಿಂತನೆ ಕಂಡಿತು. ಯಾವ ವಸ್ತುವಿಗೂ ಸ್ವತಂತ್ರ ಸ್ವಭಾವವಿಲ್ಲ, ಎಲ್ಲವೂ ಪರಸ್ಪರಾವಲಂಬಿ ಎಂಬುದು ಆ ದರ್ಶನದ ತಿರುಳು. ದಲೈ ಲಾಮಾ ಅವರೊಡನೆಯೂ ರಾಮಣ್ಣನವರು ಈ ಸಾಮ್ಯವನ್ನು ಪ್ರಸ್ತಾಪಿಸಿದ್ದರು. ಆದರೆ ಸಾಮ್ಯವೇ ಪ್ರಮಾಣವಲ್ಲ: ನಾಗಾರ್ಜುನನ ಗುರಿ ದುಃಖದಿಂದ ಬಿಡುಗಡೆ, ಭೌತವಿಜ್ಞಾನಿಯದು ಅಳತೆ.

ಬಿಡಿ ಬೀಜದ ನಡೆ ಅನಿಶ್ಚಿತವಾದರೂ ಸಮೂಹದ ನಡೆ ನಿಶ್ಚಿತ. ಸ್ಥಾವರ ನಡೆಯುವುದೂ ಬಾಂಬು ಸಿಡಿಯುವುದೂ ಇದರ ಬಲದಿಂದಲೇ. 1974ರ ಮೇ 18ರ ಪೋಖ್ರಾನ್ ಪರೀಕ್ಷೆಯ ನೇತೃತ್ವ ರಾಮಣ್ಣನವರದಾಗಿತ್ತು. ಕಣದ ಅನಿಶ್ಚಿತತೆ ಮನುಷ್ಯನ ನಿರ್ಧಾರದ ಹೊಣೆಯನ್ನು ಹಗುರಗೊಳಿಸದು.

1988ರಲ್ಲಿ ಜೆ.ಆರ್.ಡಿ. ಟಾಟಾ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಗೆ ಅವರೇ ಮೊದಲ ನಿರ್ದೇಶಕರು. ವಿಜ್ಞಾನ, ತತ್ತ್ವಶಾಸ್ತ್ರ, ಸಮಾಜಶಾಸ್ತ್ರಗಳ ವಿದ್ವಾಂಸರು ಅಲ್ಲಿ ಒಂದೇ ಸೂರಿನಡಿ ಕಲೆತರು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ರಾಮಣ್ಣನವರು ನಿಧನರಾದರು. ಅವರನ್ನು ಕಾಡಿದ ಒಗಟಿಗೆ ಎಲ್ಲರೂ ಒಪ್ಪುವ ಉತ್ತರ ಇಂದಿಗೂ ದೊರೆತಿಲ್ಲ. ವಿಜ್ಞಾನ ಕಲಿಯುವ ನಮ್ಮ ಮಕ್ಕಳಿಗೆ ಅದು ತೆರೆದೇ ಇದೆ.