ಸ್ಕಾಟ್ ಜೋಪ್ಲಿನ್ನನ ಋಣ

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ನಾನೊಂದು ತಪ್ಪು ಮಾತನ್ನಾಡಿದೆ. ಕೃತಿ ಮತ್ತು ಕರ್ತೃಗಳ ಸಂಬಂಧವನ್ನು ಕುರಿತು ಪಾಠ ನಡೆಯುತ್ತಿದ್ದಾಗ, ವಿದ್ಯಾರ್ಥಿಯೊಬ್ಬನ ಮೊಬೈಲು ಪಿಯಾನೋ ವಾದ್ಯದ ಒಂದು ಲಲಿತವಾದ ಮಟ್ಟನ್ನು ನುಡಿಯಿತು. ಗದರಿಸುವ ಬದಲು ನಾನು ಪಾಂಡಿತ್ಯ ಪ್ರದರ್ಶನಕ್ಕೆ ತೊಡಗಿದೆ. ಅದು ‘ದಿ ಸ್ಟಿಂಗ್’ ಎಂಬ ಹಾಲಿವುಡ್ ಚಿತ್ರದ ಸಂಗೀತವೆಂದೂ, ಮಾರ್ವಿನ್ ಹ್ಯಾಮ್ಲಿಷ್ ಎಂಬಾತ ಅದನ್ನು ರಚಿಸಿ ಆಸ್ಕರ್ ಪ್ರಶಸ್ತಿ ಪಡೆದನೆಂದೂ ಹೇಳಿದೆ. ಪ್ರಶಸ್ತಿ ಪಡೆದುದು ನಿಜ, ರಚಿಸಿದನೆಂಬುದು ನಿಜವಲ್ಲ. ಚಿತ್ರ ತೆರೆ ಕಂಡುದು 1973ರಲ್ಲಿ. ‘ದಿ ಎಂಟರ್‌ಟೇನರ್’ ಎಂಬ ಆ ಮಟ್ಟು ಅಚ್ಚಾದುದು 1902ರಲ್ಲಿ. ಅದರ ಕರ್ತೃ ಸ್ಕಾಟ್ ಜೋಪ್ಲಿನ್ ಚಿತ್ರ ಬಿಡುಗಡೆಯಾಗುವ ವೇಳೆಗೆ ಕಣ್ಮರೆಯಾಗಿ 56 ವರ್ಷಗಳು ಸಂದಿದ್ದವು. ಅವನ ಬಾಳಿನ ಕಥೆಯನ್ನು ವಾಚಕರ ಮುಂದಿಡುತ್ತಿರುವುದು ಒಂದರ್ಥದಲ್ಲಿ ನನ್ನ ಆ ತಪ್ಪಿಗೆ ಪ್ರಾಯಶ್ಚಿತ್ತ.

ಜೋಪ್ಲಿನ್ ಹುಟ್ಟಿದುದು 1868ರ ಸುಮಾರಿಗೆ, ಅಮೆರಿಕದ ಟೆಕ್ಸಾಸ್ ರಾಜ್ಯದ ಈಶಾನ್ಯ ಭಾಗದಲ್ಲಿ. ಆ ದೇಶದಲ್ಲಿ ಗುಲಾಮಗಿರಿ ಅಳಿದು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ತಂದೆ ಗೈಲ್ಸ್ ಗುಲಾಮನಾಗಿದ್ದು ಬಿಡುಗಡೆ ಹೊಂದಿದವನು, ಪಿಟೀಲು ಬಲ್ಲವನು. ತಾಯಿ ಫ್ಲಾರೆನ್ಸ್ ಹಾಡುತ್ತಿದ್ದಳು, ಬ್ಯಾಂಜೋ ನುಡಿಸುತ್ತಿದ್ದಳು. ಟೆಕ್ಸಾರ್ಕಾನ ಎಂಬ ಊರಿನಲ್ಲಿ ಬಿಳಿಯರ ಮನೆಗಳಲ್ಲಿ ಕಸಮುಸುರೆಗೆ ಹೋಗುತ್ತಿದ್ದ ಆ ತಾಯಿಯ ಹಿಂದೆ ಹುಡುಗನೂ ಹೋಗುವನು. ಅವಳು ಕೆಲಸ ಮುಗಿಸುವವರೆಗೆ ಆ ಮನೆಯ ಪಿಯಾನೋದ ಮುಂದೆ ಕುಳಿತು ಬೆರಳಾಡಿಸುವನು. ಜೂಲಿಯಸ್ ವೈಸ್ ಎಂಬ ಜರ್ಮನ್ ಮೂಲದ ಉಪಾಧ್ಯಾಯನೊಬ್ಬ ಈ ಬಾಲಕನ ಪ್ರತಿಭೆಯನ್ನು ಗುರುತಿಸಿ, ಬಿಡಿಗಾಸನ್ನೂ ಪಡೆಯದೆ ಪಾಠ ಹೇಳಿ, ಐರೋಪ್ಯ ಸಂಗೀತದ ಮಹಾಕೃತಿಗಳನ್ನೂ ಆಪೆರಾ ಎಂಬ ಗೀತನಾಟಕದ ಪರಂಪರೆಯನ್ನೂ ಪರಿಚಯಿಸಿದನು. ಆ ಗುರುವಿನ ಮುಪ್ಪಿನ ದಿನಗಳಲ್ಲಿ ಶಿಷ್ಯ ಅವನಿಗೆ ಆಗಾಗ ಹಣ ಕಳುಹಿಸುತ್ತಿದ್ದನೆಂದು ಜೋಪ್ಲಿನ್ನನ ಮಡದಿ ಮುಂದೆ ನೆನೆದಿದ್ದಾಳೆ. ಋಣವನ್ನು ಮರೆಯದ ಸ್ವಭಾವ ಅವನದು.

ತಾರುಣ್ಯದಲ್ಲಿ ಊರಿಂದೂರಿಗೆ ಅಲೆದು ಹೊಟ್ಟೆ ಹೊರೆದ ಜೋಪ್ಲಿನ್, 1893ರಲ್ಲಿ ಷಿಕಾಗೋ ನಗರದ ವಿಶ್ವ ಪ್ರದರ್ಶನದ ಸಮಯದಲ್ಲಿ ಅಲ್ಲಿದ್ದನು. ಮರುವರ್ಷ ಮಿಸೌರಿ ರಾಜ್ಯದ ಸೆಡೇಲಿಯಾ ಎಂಬ ಊರನ್ನು ಸೇರಿ, ಅಲ್ಲಿ ಕಪ್ಪು ಜನರಿಗಾಗಿಯೇ ಇದ್ದ ಕಾಲೇಜಿನಲ್ಲಿ ಸಂಗೀತ ಕಲಿತನು. ಅವನ ಹೆಸರಿನೊಡನೆ ಅಂಟಿಕೊಂಡಿರುವ ರ‍್ಯಾಗ್‌ಟೈಮ್ ಎಂಬ ಪ್ರಕಾರ ಬೆಳೆದುದು ಇಂಥ ಊರುಗಳ ಕೂಟಗಳಲ್ಲಿ. ಅದರಲ್ಲಿ ಎಡಗೈ ದಂಡಿನ ನಡಿಗೆಯಂತೆ ತಾಳವನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಲಗೈ ಪೆಟ್ಟು ಬೀಳಬೇಕಾದ ಎಡೆಯನ್ನು ಬಿಟ್ಟು ಅದರ ಆಚೀಚೆ ಒತ್ತು ಕೊಡುತ್ತದೆ. ಲಯ ತಪ್ಪಿತೆನ್ನುವಷ್ಟರಲ್ಲಿ ಎರಡು ಕೈಗಳೂ ಒಂದೆಡೆ ಬಂದು ಸೇರುತ್ತವೆ. ಪಾನಗೃಹಗಳ ವಿನೋದವೆಂದು ಜನ ಕಡೆಗಣಿಸಿದ್ದ ಈ ಪ್ರಕಾರವನ್ನು ಜೋಪ್ಲಿನ್ ಸ್ವರಲಿಪಿಯಲ್ಲಿ ಬರೆದಿಟ್ಟನು. ಬರೆದುದನ್ನು ಬರೆದಂತೆಯೇ ನುಡಿಸಬೇಕೆಂದೂ ಅವಸರಪಡಬಾರದೆಂದೂ ಅಚ್ಚಿನಲ್ಲೇ ಎಚ್ಚರಿಸಿದನು.

1899ರಲ್ಲಿ ಅವನ ‘ಒರಿಜಿನಲ್ ರ‍್ಯಾಗ್ಸ್’ ಪ್ರಕಟವಾಯಿತು. ಅದರ ಮುಖಪುಟದಲ್ಲಿ ಇವನ ಹೆಸರಿನ ಜೊತೆಗೆ, ಅಳವಡಿಸಿದವನೆಂದು ಚಾರ್ಲ್ಸ್ ಡೇನಿಯಲ್ಸ್ ಎಂಬ ಇನ್ನೊಬ್ಬನ ಹೆಸರೂ ಅಚ್ಚಾಗಿತ್ತು. ಅದೇ ವರ್ಷ ‘ಮೇಪಲ್ ಲೀಫ್ ರ‍್ಯಾಗ್’ ಕೃತಿಯನ್ನು ಜಾನ್ ಸ್ಟಾರ್ಕ್ ಎಂಬ ಪ್ರಕಾಶಕನಿಗೆ ಕೊಡುವಾಗ ಜೋಪ್ಲಿನ್ ಎಚ್ಚೆತ್ತಿದ್ದನು. ವಕೀಲನೊಬ್ಬನ ನೆರವಿನಿಂದ ಕರಾರು ಪತ್ರ ಬರೆಯಿಸಿ, ಮಾರಾಟವಾಗುವ ಒಂದೊಂದು ಪ್ರತಿಗೂ ಒಂದು ಸೆಂಟಿನಂತೆ ಗೌರವಧನ ಬರುವಂತೆ ಮಾಡಿಕೊಂಡನು. ಕೃತಿಯನ್ನು ಒಂದೇ ಗಂಟಿಗೆ ಮಾರಿ ಕೈತೊಳೆದುಕೊಳ್ಳುವುದು ವಾಡಿಕೆಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ದೇಶವೆಲ್ಲ ಹಬ್ಬಿದ ಆ ಕೃತಿ ಕೊನೆಯವರೆಗೂ ಅವನಿಗೆ ಅಲ್ಪವಾದರೂ ನಿಯತವಾದ ಆದಾಯವನ್ನು ತಂದಿತು.

ಆದರೆ ಅವನ ಮನಸ್ಸು ಹಂಬಲಿಸಿದುದು ಗೀತನಾಟಕಕ್ಕೆ. ಕಪ್ಪು ಜನಾಂಗದ ನಾಯಕ ಬೂಕರ್ ವಾಷಿಂಗ್ಟನ್ನನು 1901ರಲ್ಲಿ ಅಧ್ಯಕ್ಷ ರೂಸ್ವೆಲ್ಟನೊಡನೆ ಶ್ವೇತಭವನದಲ್ಲಿ ಊಟ ಮಾಡಿದ ಪ್ರಸಂಗವನ್ನು ಆಧರಿಸಿ ರಚಿಸಿದ ‘ಎ ಗೆಸ್ಟ್ ಆಫ್ ಆನರ್’ ಎಂಬ ಕೃತಿಯೊಂದಿಗೆ 1903ರಲ್ಲಿ ತಂಡ ಕಟ್ಟಿಕೊಂಡು ಹೊರಟನು. ದಾರಿಯಲ್ಲಿ ಗಳಿಕೆಯ ಹಣ ಕಳವಾಯಿತು. ತಂಡ ಮುರಿಯಿತು. ಆ ಕೃತಿಯ ಹಸ್ತಪ್ರತಿಯೂ ಇಂದು ಉಳಿದಿಲ್ಲ. 1904ರಲ್ಲಿ ಕೈಹಿಡಿದ ಫ್ರೆಡ್ಡಿ ಎಂಬ ತರುಣಿ ಮದುವೆಯಾದ ಹತ್ತು ವಾರಗಳಲ್ಲಿ ನ್ಯುಮೋನಿಯಾ ಜ್ವರದಿಂದ ತೀರಿಕೊಂಡಳು. 

1907ರಲ್ಲಿ ನ್ಯೂಯಾರ್ಕ್ ಸೇರಿದ ಜೋಪ್ಲಿನ್ ‘ಟ್ರೀಮೊನಿಷಾ’ ಎಂಬ ಎರಡನೆಯ ಗೀತನಾಟಕಕ್ಕೆ ತನ್ನ ಸರ್ವಸ್ವವನ್ನೂ ಧಾರೆಯೆರೆದನು. ಮರದಡಿಯಲ್ಲಿ ಸಿಕ್ಕಿದ ಹೆಣ್ಣು ಶಿಶುವೊಂದು ಅಕ್ಷರ ಕಲಿತು, ಮಾಟಗಾರರ ಮೌಢ್ಯದಿಂದ ತನ್ನ ಜನರನ್ನು ಬಿಡಿಸಿ, ಅವರ ನಾಯಕಿಯಾಗುವ ಕಥೆ ಅದು. ಪ್ರಕಾಶಕರು ದೊರೆಯದೆ, 1911ರಲ್ಲಿ 230 ಪುಟಗಳ ಆ ಕೃತಿಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದನು. 1915ರಲ್ಲಿ ಹಾರ್ಲೆಮ್ ಬಡಾವಣೆಯಲ್ಲಿ, ರಂಗಸಜ್ಜಿಕೆಯಾಗಲಿ ವಾದ್ಯವೃಂದವಾಗಲಿ ಇಲ್ಲದೆ, ತಾನೊಬ್ಬನೇ ಪಿಯಾನೋ ನುಡಿಸುತ್ತ ಅದನ್ನು ಪ್ರಯೋಗಿಸಿದಾಗ ಸಭೆ ಒಲಿಯಲಿಲ್ಲ. ಆ ವೇಳೆಗಾಗಲೇ ಮೆದುಳನ್ನು ಕಾಡುವ ಮೇಹರೋಗ ಅವನನ್ನು ಹಿಡಿದಿತ್ತು. 1917ರ ಏಪ್ರಿಲ್ 1ರಂದು ಮನೋರೋಗಿಗಳ ಆಸ್ಪತ್ರೆಯೊಂದರಲ್ಲಿ ಅವನು ಅಸುನೀಗಿದನು. ಕ್ವೀನ್ಸ್ ಪ್ರದೇಶದ ಸೇಂಟ್ ಮೈಕಲ್ಸ್ ಸ್ಮಶಾನದಲ್ಲಿ ಅವನನ್ನು ಹೂಳಿದ ಜಾಗದಲ್ಲಿ ಹೆಸರಿನ ಕಲ್ಲನ್ನೂ ನೆಡಲಿಲ್ಲ.

ಅರ್ಧ ಶತಮಾನ ಕಳೆಯಿತು. 1970ರಲ್ಲಿ ಜೋಷುವಾ ರಿಫ್ಕಿನ್ ಎಂಬ ವಿದ್ವಾಂಸ ಈ ಕೃತಿಗಳನ್ನು ನುಡಿಸಿ ಹೊರತಂದ ಧ್ವನಿಮುದ್ರಿಕೆ ಅನಿರೀಕ್ಷಿತವಾಗಿ ಜನಪ್ರಿಯವಾಯಿತು. 1971ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಇವನ ಕೃತಿಗಳ ಸಂಪುಟಗಳನ್ನು ಪ್ರಕಟಿಸಿತು. 1972ರಲ್ಲಿ ಅಟ್ಲಾಂಟಾ ನಗರದಲ್ಲಿ ‘ಟ್ರೀಮೊನಿಷಾ’ ಪೂರ್ಣಪ್ರಮಾಣದಲ್ಲಿ ರಂಗವೇರಿತು. ಅನಂತರ ಬಂದುದು ‘ದಿ ಸ್ಟಿಂಗ್’. ಅದರ ಕಥೆ ನಡೆಯುವುದು 1936ರಲ್ಲಿ. ಆ ಹೊತ್ತಿಗೆ ರ‍್ಯಾಗ್‌ಟೈಮ್ ಹಳತಾಗಿಹೋಗಿತ್ತು. ಆದರೂ ಮಟ್ಟುಗಳು ಚಿತ್ರಕ್ಕೆ ಹೇಳಿ ಮಾಡಿಸಿದಂತೆ ಒಪ್ಪಿದವು. ಅವನ್ನು ಅಳವಡಿಸಿದ ಹ್ಯಾಮ್ಲಿಷ್ 1974ರ ಏಪ್ರಿಲ್ 2ರಂದು ಆಸ್ಕರ್ ಪಡೆದನು. ಮರುವರ್ಷ ಅದೇ ‘ಎಂಟರ್‌ಟೇನರ್’ ನುಡಿಸಿದುದಕ್ಕೆ ಗ್ರ್ಯಾಮಿ ಪಾರಿತೋಷಕವೂ ಬಂದಿತು.

ಇಲ್ಲಿ ಅನ್ಯಾಯವಾಯಿತೆಂದು ದೂರುವುದು ಸುಲಭ. ಆದರೆ ಆಸ್ಕರ್ ಸಂದುದು ರೂಪಾಂತರಕ್ಕೆಂದೇ ಇದ್ದ ವರ್ಗದಲ್ಲಿ. ಹ್ಯಾಮ್ಲಿಷ್ ಕದ್ದುದೇನೂ ಇಲ್ಲ. ಹಳೆಯ ಹಾಡುಗಳನ್ನು ಆಯ್ದು ಚಿತ್ರಕ್ಕೆ, ದೂರದರ್ಶನಕ್ಕೆ ಪೋಣಿಸಿದ ಧ್ವನಿಸಂಕಲನಗಳಿಗೆ ಗ್ರ್ಯಾಮಿಯಲ್ಲಿ ಈಗ ಬೇರೆಯೇ ವರ್ಗವಿದೆ. 2001ರಲ್ಲಿ ‘ಆಲ್ಮೋಸ್ಟ್ ಫೇಮಸ್’, 2002ರಲ್ಲಿ ‘ಓ ಬ್ರದರ್, ವೇರ್ ಆರ್ಟ್ ದೌ’ ಚಿತ್ರಗಳ ಸಂಕಲನಗಳು ಆ ಗೌರವಕ್ಕೆ ಪಾತ್ರವಾದವು. ಆಯ್ದು ಜೋಡಿಸುವುದೂ ಒಂದು ವಿದ್ಯೆಯೇ. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಉಪಕಾರವನ್ನು ಪಾಠ ಹೇಳುವ ನಾನು ಅಲ್ಲಗಳೆಯಲಾರೆ. ಆದರೆ ಸಂಕಲನಕಾರನಿಗೆ ಕೈಮುಗಿದ ಬಳಿಕ ಪದ್ಯ ಯಾರದೆಂದು ಕೇಳುವ ಕೆಲಸ ಓದುಗನಿಗೆ ಉಳಿದೇ ಇರುತ್ತದೆ. ನಾನು ಕೇಳಲಿಲ್ಲ. ತಪ್ಪು ಪ್ರಶಸ್ತಿಯದಲ್ಲ, ನನ್ನದು.

ಆ ಚಿತ್ರ ಮಾಡಿದ ಉಪಕಾರವನ್ನೂ ಹೇಳಬೇಕು. ಅದು ಎಬ್ಬಿಸಿದ ಆಸಕ್ತಿಯ ನಡುವೆ, 1974ರಲ್ಲಿ, ಸಂಗೀತಕಾರರ ಸಂಘವೊಂದು ಆ ಅನಾಮಿಕ ಗೋರಿಗೆ ಹೆಸರಿನ ಫಲಕವನ್ನಿಡಿಸಿತು. 1976ರಲ್ಲಿ ಪುಲಿಟ್ಜರ್ ಮಂಡಳಿ ಮರಣೋತ್ತರ ವಿಶೇಷ ಪುರಸ್ಕಾರವನ್ನಿತ್ತಿತು. ಇದಕ್ಕೆ ಇನ್ನೊಬ್ಬರ ಹೆಸರು ಜೊತೆಗಿರಲಿಲ್ಲ.

ನಿಜ ತಿಳಿದ ವಾರವೇ ಅದೇ ತರಗತಿಗೆ ಹೋಗಿ ಮಾತು ತಿದ್ದಿಕೊಂಡೆ. ಕರಿಹಲಗೆಯ ಮೇಲೆ ಮೊದಲು ಜೋಪ್ಲಿನ್ನನ ಹೆಸರನ್ನು ಬರೆದು, ಅದರ ಕೆಳಗೆ ಹ್ಯಾಮ್ಲಿಷನ ಹೆಸರನ್ನು ಬರೆದೆ. ಮೊಬೈಲು ನುಡಿಸಿದ್ದ ಹುಡುಗ ಎದ್ದು ನಿಂತು, ಮಟ್ಟನ್ನು ಇನ್ನೊಮ್ಮೆ ಕೇಳಿಸಲೇ ಎಂದು ಅನುಮತಿ ಬೇಡಿದ. ಕೊಟ್ಟೆ. ಈ ಸಲ ಎಲ್ಲರೂ ಕೊನೆಯವರೆಗೂ ಕೇಳಿದೆವು.